ಎಂಟನೆಯ ಅಕ್ಷರ

ತಿರುಮಲೇಶರ ವೈಕುಂಠ ಸಮಾರಾಧನೆ ಮುಗಿದ ಮರುದಿನ ಅವರ ಇಬ್ಬರು ಗಂಡುಮಕ್ಕಳು ತಿರುವಲ್ಲಿಕೇಣಿಯ ಹಳೇ ಬಾಡಿಗೆ ಮನೆಯ ಸಾಮಾನನ್ನೆಲ್ಲ ಹಜಾರದಲ್ಲಿ ಹರಡಿಕೊಂಡು ಪಾಲು ಮಾಡಿಕೊಂಡರು. ಹಿತ್ತಾಳೆ ಹಂಡೆ ಹಿರಿಯವನಿಗೆ, ಒರಳು ಕಿರಿಯವನಿಗೆ. ಬೆಳ್ಳಿ ಪಂಚಪಾತ್ರೆ ಹಿರಿಯವನಿಗೆ, ಗೋಡೆ ಗಡಿಯಾರ ಕಿರಿಯವನಿಗೆ. ಎಲ್ಲ ಮುಗಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದ ಸೋದರತ್ತೆ ಪುಟ್ಟತಾಯಮ್ಮ ಉಳಿದರು. ಹಂಡೆಯನ್ನು ಎರಡು ಮಾಡಲು ಬರುವುದಿಲ್ಲ; ಮನುಷ್ಯರನ್ನು ಮಾಡಬಹುದು. ದಸರೆಯಿಂದ ಯುಗಾದಿಯವರೆಗೆ ಹಿರಿಯ ಉಪೇಂದ್ರನ ಅಣ್ಣಾ ನಗರದ ಮನೆ, ಯುಗಾದಿಯಿಂದ ದಸರೆಯವರೆಗೆ ಕಿರಿಯ ಕೃಷ್ಣರಾಜನ ತಾಂಬರಂ ಮನೆ ಎಂದು ಗೊತ್ತಾಯಿತು. ಇಪ್ಪತ್ತಾರಕ್ಕೆ ಗಂಡನನ್ನು ಕಳಕೊಂಡು ಅಣ್ಣನ ಮನೆ ಸೇರಿ, ಈ ಇಬ್ಬರಿಗೂ ಎಣ್ಣೆನೀರು ಹಾಕಿ, ತುತ್ತಿಟ್ಟು ಬೆಳೆಸಿದ ಕೈ ಅದು. ಆ ಕೈಯನ್ನು ಯಾರೂ ಏನೂ ಕೇಳಲಿಲ್ಲ.

ಅದಾಗಿ ನಾಲ್ಕು ವರ್ಷ. ಪುಟ್ಟತಾಯಮ್ಮನವರಿಗೆ ಎಪ್ಪತ್ತೊಂದು ತುಂಬಿತ್ತು. ಎರಡು ಮನೆಯಲ್ಲೂ ಅವರು ಯಾವುದನ್ನೂ ಬೇಡಿದವರಲ್ಲ, ಆದರೆ ಮನಸ್ಸಿನೊಳಗೆ ಒಂದು ಆಸೆ ಇತ್ತು. ಅಣ್ಣಾ ನಗರದ ಮನೆಯ ಹಿತ್ತಲಲ್ಲಿ ಒಂದು ಬಾವಿ ಇತ್ತು. ಬೆಳಗಿನ ಜಾವ ಎದ್ದು ತಾವೇ ಸೇದಿ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಒಂದು ಬಿಂದಿಗೆ ಮಡಿನೀರು ತಂದು, ಆ ನೀರಲ್ಲೇ ಅನ್ನ ಮಾಡಿ, ದೇವರಿಗಿಟ್ಟು ಉಣ್ಣಬಹುದಿತ್ತು. ತಾಂಬರಂನದು ಮೂರನೇ ಮಹಡಿಯ ಫ್ಲಾಟು. ಅಲ್ಲಿ ನೀರು ಲಾರಿಯಲ್ಲಿ ಬಂದು, ಯಾರ್‍ಯಾರದೋ ಕೈ ದಾಟಿ, ಪ್ಲಾಸ್ಟಿಕ್ ಕೊಡದಲ್ಲಿ ಮೆಟ್ಟಿಲು ಹತ್ತುತ್ತಿತ್ತು. ಆ ಆರು ತಿಂಗಳು ಅವರು ಹಾಲು, ಹಣ್ಣು, ಹಾಲಿನಲ್ಲಿ ನೆನೆಸಿದ ಅವಲಕ್ಕಿಯ ಮೇಲೇ ಬದುಕುತ್ತಿದ್ದರು. ಕೃಷ್ಣರಾಜನ ಹೆಂಡತಿ ಮಾಧವಿ ಅದನ್ನು ನೋಡಿ ಒಂದು ಮಾತೂ ಆಡುತ್ತಿರಲಿಲ್ಲ. ಅವಳು ಅವರೊಡನೆ ಯಾವ ಮಾತನ್ನೂ ಆಡುತ್ತಿರಲಿಲ್ಲ.

ಅಂದು, ದಸರೆ ಕಳೆದು ಹತ್ತು ದಿನವಾಗಿತ್ತೇನೋ, ಪುಟ್ಟತಾಯಮ್ಮ ಊಟದ ಮನೆಯ ನೆಲದ ಮೇಲೆ ಕೂತು ದೀಪದ ಬತ್ತಿ ಹೊಸೆಯುತ್ತಿದ್ದರು. ಮೇಜಿನ ಮೇಲೆ ಉಪೇಂದ್ರನ ಮಗಳು ರಂಜನಿ ತಟ್ಟೆಯಲ್ಲಿ ಕೋಸಂಬರಿ ಒಣಗಿಸಿಕೊಂಡು ಅಳುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿ. ಮುಂದೆ ಒಂದು ಕಾಗದ, ಅದರ ತುಂಬ ಇಂಗ್ಲಿಷ್ ಪದಗಳು. ಶಾಲೆಯಲ್ಲಿ ಸ್ಕ್ರಾಬಲ್ ಎಂಬ ಆಟಕ್ಕೆ ಅವಳನ್ನು ಆರಿಸಿದ್ದರು: ಅಕ್ಷರ ಬರೆದ ಬಿಲ್ಲೆಗಳನ್ನು ಮಣೆಯ ಮೇಲೆ ಜೋಡಿಸಿ ಪದ ಕಟ್ಟುವುದು. ಜನವರಿಯಲ್ಲಿ ಊರಿನ ಶಾಲೆಗಳಿಗೆಲ್ಲ ಪಂದ್ಯ. ಕ್ಯೂ, ಜೆ, ಜೆಡ್‌ನಂಥ ಕಷ್ಟದ ಬಿಲ್ಲೆಗಳಿಗೆ ಅಂಕ ಜಾಸ್ತಿ. ಅವು ಕೈಗೆ ಬಂದಾಗ ಅವುಗಳಿರುವ ಪದ ಥಟ್ಟನೆ ಹೊಳೆಯಬೇಕು. ಅಂಥ ಪದಗಳ ಪಟ್ಟಿ ಅದು. ಅವಳ ತಾಯಿ ಶ್ರೀವಿದ್ಯಾ ಇನ್ಶೂರೆನ್ಸ್ ಆಫೀಸಿನಿಂದ ಬಂದವಳು ಬ್ಯಾಗು ಕೆಳಗಿಡದೆ ಪಟ್ಟಿ ಕೇಳುತ್ತಿದ್ದಳು. ಹತ್ತರಲ್ಲಿ ಮೂರು ಬಂದಿತ್ತು.

"ನಿನ್ನ ದೊಡ್ಡಮ್ಮನ ಮಗ ಉದಯ್ ಇನ್ನೂರು ಪದ ಬಾಯಲ್ಲಿಟ್ಕೊಂಡಿದಾನಂತೆ," ಎಂದಳು ಶ್ರೀವಿದ್ಯಾ. "ನಿಂಗೆ ತಿನ್ನೋಕೆ ಮಾತ್ರ ಬಾಯಿರೋದು."

ಹುಡುಗಿ ಬಿಕ್ಕಿದಳು. ಪುಟ್ಟತಾಯಮ್ಮ ಬತ್ತಿ ಹೊಸೆಯುತ್ತಲೇ ಹೇಳಿದರು: "ಒಂದ್ಸಲ ನಿಧಾನಕ್ಕೆ ಓದಮ್ಮ. ಅಕ್ಷರ ಅಕ್ಷರ ಬಿಡಿಸಿ."

ರಂಜನಿ ಓದಿದಳು. ಎರಡನೇ ಸಲ ಓದುವಾಗ ಪುಟ್ಟತಾಯಮ್ಮನವರ ತುಟಿ ಜೊತೆಗೆ ಆಡುತ್ತಿತ್ತು. ಮೂರನೇ ಸಲ ಹುಡುಗಿ ನಡುವೆ ತಡವರಿಸಿದಾಗ ಅವರು ತಾವೇ ಮುಂದಿನದನ್ನು ಎತ್ತಿಕೊಟ್ಟರು. ಬತ್ತಿಯ ಬಟ್ಟಲು ತುಂಬುವ ಹೊತ್ತಿಗೆ ಇಡೀ ಹಾಳೆ ಅವರ ಬಾಯಲ್ಲಿತ್ತು, ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ.

ಇದರಲ್ಲಿ ಅವರಿಗೆ ಆಶ್ಚರ್ಯವಿರಲಿಲ್ಲ. ಅವರ ತಂದೆ ನಂಜನಗೂಡಿನಲ್ಲಿ ಪುರಾಣ ಹೇಳುತ್ತಿದ್ದವರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರೂ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶ್ಲೋಕ ಹೇಳಿಕೊಡುವುದನ್ನು ಬಿಡಿಸಲಿಲ್ಲ. ಅರ್ಥ ಆಮೇಲೆ ಬರುತ್ತೆ, ಮೊದಲು ನಾಲಿಗೆಗೆ ಬರಲಿ ಎನ್ನುತ್ತಿದ್ದರು. ಎಷ್ಟೋ ಶ್ಲೋಕಗಳಿಗೆ ಅರ್ಥ ಇನ್ನೂ ಬಂದಿರಲಿಲ್ಲ. ಈ ಇಂಗ್ಲಿಷಿನದೂ ಹಾಗೇ ಇರಲಿ ಎಂದುಕೊಂಡರು.

ಮಗುವಿಗೆ ಕಲಿಸಲು ಅವರು ಹೂಡಿದ ಉಪಾಯ ಇದು. ಬಿಡಿ ಪದ ನಾಲಿಗೆಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಸಾಲು ಕಟ್ಟಿ ರಾಗಕ್ಕೆ ಕೂರಿಸಿದರೆ ನಿಲ್ಲುತ್ತದೆ. ಸಾಲಿಗೆ ಎಂಟಕ್ಷರ, ನಾಲ್ಕು ಸಾಲಿಗೊಂದು ಶ್ಲೋಕ. ಎರಡು ದಿನ ಹುಳಿಗೆ ತರಕಾರಿ ಹೆಚ್ಚುತ್ತ, ತುಳಸಿಗೆ ನೀರು ಹಾಕುತ್ತ ಗುಣುಗುಣು ಎಂದು ಕಟ್ಟಿದರು. ಮೂರನೇ ದಿನ ಸಂಜೆ ರಂಜನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡಿದರು:

ಕ್ಯೂ-ಎ-ಟಿ ಕ್ಯೂ-ಎ-ಐ-ಡಿ ವೈ,
ಟಿ-ಎ-ಎಲ್-ಎ-ಕ್ಯೂ ಎಸ್-ಯು-ಕ್ಯೂ...

ಕ್ಯೂ ಬಂದು ಅದಾದ ಮೇಲೆ ಯು ಬಾರದ ಪದಗಳಂತೆ ಇವು. ಮೊದಲ ಪದಕ್ಕೆ ಮೂರಕ್ಷರ, ಎರಡನೆಯದಕ್ಕೆ ನಾಲ್ಕು, ಒಟ್ಟು ಏಳು. ಸಾಲಿಗೆ ಒಂದು ಸಾಲದು. ಶ್ಲೋಕ ಕಟ್ಟುವವರು ಅಂಥ ಕಡೆ ಏನು ಮಾಡುತ್ತಾರೋ ಪುಟ್ಟತಾಯಮ್ಮನವರೂ ಅದನ್ನೇ ಮಾಡಿದ್ದರು: ಪಾದಪೂರಣಕ್ಕೆ ಒಂದು ವೈ ಹಾಕಿದ್ದರು. ಇನ್ನೊಂದು ಕಡೆ ಚ, ಮತ್ತೊಂದು ಕಡೆ ಹಿ. ಹೇಳಿಯೂ ಇದ್ದರು, ಒಲೆಯ ಮೇಲೆ ಹಪ್ಪಳ ಕರಿಯುತ್ತ, ಸ್ಪಷ್ಟವಾಗಿ: "ಚ, ವೈ, ತು, ಹಿ. ಈ ನಾಲ್ಕು ಎಲ್ಲಿ ಬಂದ್ರೂ ಲೆಕ್ಕಕ್ಕಿಲ್ಲ ಕಣಮ್ಮ. ಅವಕ್ಕೆ ಅರ್ಥ ಇಲ್ಲ. ಸಾಲು ತುಂಬಿಸೋಕೆ ಹಾಕಿರೋದು."

ರಂಜನಿಯ ಕಣ್ಣು ಪಕ್ಕದ ಕೋಣೆಯ ಟೀವಿಯ ಮೇಲಿತ್ತು. "ತೆರಿಯುಂ ಪಾಟಿ," ಎಂದಳು, ನನಗೆ ಗೊತ್ತು ಅಜ್ಜಿ ಎನ್ನುವ ಹಾಗೆ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು; ಉತ್ತರ ಮಾತ್ರ ಯಾವಾಗಲೂ ತಮಿಳಿನಲ್ಲೇ.

ಪೇಪರ್ ಹಿಡಿದು ಕೂತಿದ್ದ ಉಪೇಂದ್ರ ನಕ್ಕ. "ಅಪ್ಪನೂ ಇದನ್ನೇ ಹೇಳ್ತಿದ್ರಲ್ಲ ಅತ್ತೆ. ನಾನು ಚ ವೈ ತು ಹಿ ಮರೆತಿದ್ದಕ್ಕೆ ಬೆನ್ನಿಗೆ ಬಿದ್ದಿತ್ತು ಒಂದು." ಎಂದು, ಬ್ಯಾಂಕಿನಲ್ಲಿ ಆಡಿಟ್ ಬಂದಿರುವ ಚಿಂತೆಯಲ್ಲಿ ಮತ್ತೆ ಪೇಪರಿನೊಳಗೆ ಇಳಿದ.

ಒಂದು ವಾರದಲ್ಲಿ ಹುಡುಗಿ ನಲವತ್ತು ಪದ ತಪ್ಪಿಲ್ಲದೆ ಹಾಡಿದಳು. ಚ, ಹಿ ಬಂದ ಕಡೆ ತಾನಾಗಿ ಬಿಟ್ಟುಬಿಡುತ್ತಿದ್ದಳು. ಹಾಗೆಂಬ ಅಕ್ಷರ ಇಂಗ್ಲಿಷಿನಲ್ಲಿಲ್ಲವಲ್ಲ. ಶ್ರೀವಿದ್ಯಾ ಖುಷಿಯಾಗಿ ಆಫೀಸಿನಿಂದ ಇನ್ನಷ್ಟು ಪಟ್ಟಿ ಪ್ರಿಂಟ್ ಹಾಕಿಸಿ ತಂದಳು. ಹಳೇ ಹಾಳೆ ಅಡುಗೆಮನೆಯ ಕಪಾಟಿನಲ್ಲಿ ಉಪ್ಪಿನಕಾಯಿ ಜಾಡಿಯ ಕೆಳಗೆ ಹಾಸಾಯಿತು. ಕಾಗದದ ಕೆಲಸ ಮುಗಿದಿತ್ತು. ಎಲ್ಲವೂ ಪುಟ್ಟತಾಯಮ್ಮನವರ ತಲೆಯಲ್ಲಿತ್ತು.

ಆಮೇಲೆ ಮನೆಗೆ ಬಂದವರಿಗೆಲ್ಲ ಅವರನ್ನು ತೋರಿಸುವುದು ಶುರುವಾಯಿತು. ಮೊದಲು ಎದುರುಮನೆಯವರು, ಆಮೇಲೆ ಶ್ರೀವಿದ್ಯಾಳ ಆಫೀಸಿನ ಗೆಳತಿಯರು. ಕಾಫಿ ಕುಡಿದ ಲೋಟ ಕೆಳಗಿಡುವ ಮುಂಚೆಯೇ ಅತ್ತೆಯನ್ನು ಕರೆಯುತ್ತಿದ್ದರು. ಅವರು ಮಡಿಯಲ್ಲಿದ್ದರೆ ಅಡುಗೆಮನೆಯ ಹೊಸಿಲಿನ ಆಚೆ ನಿಲ್ಲುತ್ತಿದ್ದರು. ಎಕ್ಸ್ ಇರೋದು ಹೇಳಿ, ಜೆಡ್ ಇರೋದು ಹೇಳಿ. ಅವರು ಹೇಳುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅರ್ಥ ಕೇಳಿ ಎಂದು ಒಬ್ಬಳು ಹೇಳಿಕೊಟ್ಟಳು. ಅರ್ಥ ಗೊತ್ತಿಲ್ಲಮ್ಮ ಎಂದಾಗ ನಗು ಇನ್ನೂ ಜೋರಾಯಿತು. ಒಂದು ಭಾನುವಾರ ಶ್ರೀವಿದ್ಯಾಳ ಅಕ್ಕ ವಾಸಂತಿ ಮಗ ಉದಯ್‌ನನ್ನು ಕರಕೊಂಡು ಬಂದಳು. ಎಲ್ಲ ಕೇಳಿ, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, "ಚೆನ್ನಾಗಿದೆ ಶ್ರೀ. ಕೋಲೆ ಬಸವನ ಹಾಗೆ ತಲೆ ಆಡಿಸ್ತಾ ಹೇಳ್ತಾರೆ. ಮೇಲೊಂದು ಝೂಲು ಹೊದಿಸಿಬಿಡು," ಎಂದಳು.

ಶ್ರೀವಿದ್ಯಾ ನಗಲಿಲ್ಲ. ಅಕ್ಕನ ಮಗನ ಎದುರು ಮಗಳು ಗೆಲ್ಲಬೇಕು ಎಂಬುದು ಆ ಹೊತ್ತಿಗೆ ಅವಳ ಹೊಟ್ಟೆಯೊಳಗೆ ಕೆಂಡವಾಗಿ ಕೂತಿತು. ಅವತ್ತು ಪುಟ್ಟತಾಯಮ್ಮ ಪಾತ್ರೆ ತೊಳೆಯಲು ನೀರು ಸೇದುವಾಗ ಅವಳೇ ಹಿತ್ತಲಿಗೆ ಬಂದು, ಬಾವಿಕಟ್ಟೆಯ ಹತ್ತಿರ ನಿಂತು, ಮೆಲ್ಲಗೆ ಹೇಳಿದಳು:

"ಅತ್ತೆ, ರಂಜನಿ ಗೆದ್ದರೆ ನೀವು ತಾಂಬರಂಗೆ ಹೋಗೋದೇ ಬೇಡ. ಇಲ್ಲೇ ಇದ್ಬಿಡಿ. ಇವರಿಗೂ ನಾನು ಹೇಳ್ತೀನಿ."

ಪುಟ್ಟತಾಯಮ್ಮ ಹಗ್ಗ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಅರ್ಧಕ್ಕೆ ಬಂದ ಬಿಂದಿಗೆ ಬಾವಿಯೊಳಗೆ ತೂಗಾಡಿತು. "ಪೂರ್ತಿ ವರ್ಷಾನಾ?" ಎಂದರು.

"ಪೂರ್ತಿ ವರ್ಷ."

ಆಮೇಲೆ ಅವರು ತಮ್ಮನ್ನು ತಾವೇ ಹಿಂಡಿಕೊಂಡರು. ಬೆಳಗಿನ ಜಪ ಅರ್ಧಕ್ಕೆ ನಿಂತಿತು, ಯಾಕೆಂದರೆ ರಂಜನಿ ಶಾಲೆಗೆ ಹೋಗುವ ಮುಂಚೆ ಒಂದು ಸುತ್ತು ಒಪ್ಪಿಸಬೇಕು. ಸಂಜೆಯ ಸ್ತೋತ್ರ ದೀಪ ಹಚ್ಚಿ ಕೈ ಮುಗಿಯುವಷ್ಟಕ್ಕೇ ಬಂತು. ಡಿಸೆಂಬರಿನ ಒಂದು ಏಕಾದಶಿ ದಿನ, ನೀರೂ ಮುಟ್ಟದ ಉಪವಾಸ, ಶ್ರೀವಿದ್ಯಾ ಆಫೀಸಿಗೆ ರಜ ಹಾಕಿ ಮಗಳನ್ನು ಬೆಳಗಿಂದ ಕೂರಿಸಿದಳು. ಜೆಡ್ ಪಟ್ಟಿ ನಾಲ್ಕನೇ ಸುತ್ತಿಗೆ ಬಂದಾಗ ಪುಟ್ಟತಾಯಮ್ಮನವರ ಗಂಟಲು ಒಣಗಿ ಸ್ವರವೇ ಹೊರಡಲಿಲ್ಲ. ಸ್ವಲ್ಪ ಹೊತ್ತು ಬಿಡಮ್ಮ ಎಂದು ಕೈಸನ್ನೆ ಮಾಡಿದರು. ಒಂದು ಲೋಟ ನೀರು ಕುಡಿದರೆ ದೇವರೇನೂ ಓಡಿಹೋಗಲ್ಲ, ಪಂದ್ಯ ಮಾತ್ರ ಓಡಿ ಬರ್ತಿದೆ ಎಂದಳು ಶ್ರೀವಿದ್ಯಾ. ಅವರು ನೀರು ಕುಡಿಯಲಿಲ್ಲ. ಬೆರಳಿನಲ್ಲಿ ತಾಳ ಹಾಕಿ, ತುಟಿ ಅಲ್ಲಾಡಿಸಿ, ಹುಡುಗಿಯಿಂದಲೇ ಹೇಳಿಸಿದರು. ರಾತ್ರಿ ಮಲಗುವಾಗ ದೇವರ ಹೆಸರು ಹೇಳಲು ಬಾಯಿ ತೆರೆದರೆ ಜೆಡ್-ಎ-ಎಕ್ಸ್ ಎಂದು ಬಂತು. ಗಾಬರಿಯಾಗಿ ಎದ್ದು ಕೂತು ಕೆನ್ನೆ ಕೆನ್ನೆ ಬಡಿದುಕೊಂಡರು. ಯುಗಾದಿಯ ಹೊತ್ತಿಗೆ ಎಲ್ಲ ಸರಿಹೋಗುತ್ತೆ ಸ್ವಾಮಿ, ಆಮೇಲೆ ಬಾವಿಯೂ ನನ್ನದು, ಬೆಳಗೂ ನಿನ್ನದು ಎಂದು ಹೇಳಿಕೊಂಡರು.

ರಂಜನಿಗೆ ಮಾತ್ರ ಪಾಟಿಯ ಮೇಲೆ ಪ್ರೀತಿ ಬೆಳೆದಿತ್ತು. ಶಾಲೆಯ ಒಂದೊಂದು ಆಟ ಗೆದ್ದು ಬಂದಾಗಲೂ ಅಡುಗೆಮನೆಯ ಹೊಸಿಲಿಗೆ ಬಂದು, ಮುಟ್ಟಬಾರದೆಂದು ನೆನಪಾಗಿ, ಗಾಳಿಯಲ್ಲೇ ಮುತ್ತು ಎಸೆಯುತ್ತಿದ್ದಳು. ಒಮ್ಮೆ ತನ್ನ ಚಾಕಲೇಟಿನಲ್ಲಿ ಅರ್ಧ ಉಳಿಸಿ ಬಾಳೆಲೆಯ ತುಂಡಿನ ಮೇಲೆ ಇಟ್ಟು ಹೋಗಿದ್ದಳು. ಪುಟ್ಟತಾಯಮ್ಮ ಅದನ್ನು ತಿನ್ನುವಂತಿರಲಿಲ್ಲ. ಎಸೆಯಲೂ ಇಲ್ಲ, ಇರುವೆ ಮುತ್ತುವವರೆಗೂ ಇಟ್ಟುಕೊಂಡಿದ್ದರು.

ಪಂದ್ಯ ಜನವರಿಯ ಕೊನೆಯ ಭಾನುವಾರ. ಪುಟ್ಟತಾಯಮ್ಮ ಹಿಂದಿನ ದಿನವೇ ಕಡಲೆಬೇಳೆ ನೆನೆಹಾಕಿದ್ದರು. ಬೆಳಿಗ್ಗೆ ಮೂವರೂ ಹೊರಟಾಗ ತಾವೂ ಬರಲೇ ಎಂದು ಕೇಳುವ ಮನಸ್ಸಿತ್ತು. ಕಾರಿನಲ್ಲಿ ಜಾಗವೂ ಇತ್ತು. ಶ್ರೀವಿದ್ಯಾ ಅವರ ಮುಖ ನೋಡಿ, ಅಲ್ಲಿ ಎಲ್ಲರೂ ಇಂಗ್ಲಿಷಿನವರು ಅತ್ತೆ, ನೀವು ಬಂದು ಏನು ಮಾಡ್ತೀರಿ ಎಂದಳು. ಅದೂ ಸರಿಯೇ ಅನ್ನಿಸಿ ಒಳಗೆ ಹೋಗಿ ಹಯಗ್ರೀವ ಮಾಡಲು ನಿಂತರು. ಬೆಲ್ಲ ಕರಗಿ, ಬೇಳೆ ಬೆರೆತು, ತುಪ್ಪ ಬಿಟ್ಟುಕೊಳ್ಳುವವರೆಗೂ ಕೈಯಾಡಿಸಿದರು. ಗೋಡಂಬಿ ಒಡೆದು ಹಾಕಿದರು. ದೇವರಿಗಿಟ್ಟು ಮುಚ್ಚಿ ಬಾಗಿಲಿಗೆ ಬಂದು ಕೂತರು.

ಕಾರು ಬಂದದ್ದು ನಾಲ್ಕು ಗಂಟೆಗೆ. ರಂಜನಿ ಇಳಿದವಳೇ ನೇರವಾಗಿ ಕೋಣೆಗೆ ಹೋಗಿ ಹಾಸಿಗೆಯ ಮೇಲೆ ಬಿದ್ದಳು. ಉಪೇಂದ್ರ ಚಪ್ಪಲಿ ಬಿಚ್ಚುತ್ತ ತಲೆ ಎತ್ತಲಿಲ್ಲ. ಶ್ರೀವಿದ್ಯಾ ಅಡುಗೆಮನೆಗೆ ನುಗ್ಗಿದಳು, ಮಡಿ ಮೈಲಿಗೆ ನೋಡದೆ. ಕಪಾಟು ತೆರೆದು, ಉಪ್ಪಿನಕಾಯಿ ಜಾಡಿ ಎತ್ತಿ, ಕೆಳಗಿನ ಹಾಳೆ ಎಳೆದಳು. ಎಣ್ಣೆ ಕುಡಿದು ಅದು ಗಾಜಿನ ಹಾಗಾಗಿತ್ತು. ಬೆಳಕಿಗೆ ಹಿಡಿದು ಬೆರಳಿಟ್ಟು ಓದಿದಳು.

"ಕ್ಯೂ ಎ ಐ ಡಿ. ಇಲ್ಲಿಗೆ ಮುಗೀತು ಪದ. ಇದಕ್ಕೆ ವೈ ಎಲ್ಲಿಂದ ಬಂತು ಅತ್ತೆ?"

ಆದದ್ದು ಇಷ್ಟು. ರಂಜನಿ ಐದು ಆಟ ಗೆದ್ದು ಕೊನೆಯ ಸುತ್ತಿಗೆ ಬಂದಿದ್ದಳು. ಎದುರಿಗೆ ಕೂತವನು ಉದಯ್. ಮಣೆಯ ಮೇಲೆ ಒಂದು ಐ ಇತ್ತು. ಇವಳ ಕೈಯಲ್ಲಿ ಕ್ಯೂ, ಎ, ಡಿ, ಜೊತೆಗೊಂದು ವೈ. ವೈ ಸೇರಿಸದೆ ಇಟ್ಟಿದ್ದರೂ ಒಳ್ಳೆ ಅಂಕ ಬರುತ್ತಿತ್ತು. ಆದರೆ ಕೊನೆಗೊಂದು ವೈ ಸೇರಿದರೆ ಪದ ಅಂಚಿನ ಕೆಂಪು ಮನೆ ಮುಟ್ಟಿ ಅಂಕ ಮೂರು ಪಟ್ಟಾಗುತ್ತದೆ. ಮನಸ್ಸಿನಲ್ಲೇ ಪಾಟಿಯ ಸಾಲು ಹಾಡಿಕೊಂಡಳು. ಸಾಲಿನಲ್ಲಿ ವೈ ಇತ್ತು. ಇಟ್ಟಳು. ಉದಯ್ ಕೈ ಎತ್ತಿ ಆಕ್ಷೇಪಿಸಿದ. ತೀರ್ಪುಗಾರರು ಪುಸ್ತಕ ತೆಗೆದು ನೋಡಿ ತಲೆ ಅಲ್ಲಾಡಿಸಿದರು. ಬಿಲ್ಲೆಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಉದಯ್ ಆ ಐ ಹಿಡಿದು ತನ್ನ ಪದ ಇಟ್ಟು ಜಾಗ ಮುಚ್ಚಿಬಿಟ್ಟ. ಆಟ ಮುಗಿಯುವವರೆಗೂ ಕ್ಯೂ ಇವಳ ಕೈಯಲ್ಲೇ ಉಳಿಯಿತು, ಉಳಿದಿದ್ದಕ್ಕೆ ದಂಡವೂ ಬಿತ್ತು. ಸೋತದ್ದು ಹನ್ನೊಂದು ಅಂಕಕ್ಕೆ. ವಾಸಂತಿ ಎಲ್ಲರ ಎದುರು ತಂಗಿಯ ಭುಜ ತಟ್ಟಿ, "ನಿಮ್ಮ ಬಸವ ಎಡವಿಬಿಡ್ತಲ್ಲೇ," ಎಂದಿದ್ದಳಂತೆ.

ಪುಟ್ಟತಾಯಮ್ಮನವರಿಗೆ ಮೊದಲು ಅರ್ಥವೇ ಆಗಲಿಲ್ಲ. "ಅದು ಪದದ್ದಲ್ಲಮ್ಮ," ಎಂದರು. "ಅದು ಪಾದಪೂರಣದ್ದು. ಸಾಲಿಗೆ ಒಂದಕ್ಷರ ಕಮ್ಮಿ ಇತ್ತು."

"ನಿಮ್ಮ ದೇವರಿಗೆ ಒಂದಕ್ಷರ ಜಾಸ್ತಿ ಹೇಳಿದ್ರೆ ಅವನು ಸುಮ್ಮನಿರ್ತಾನೆ. ಅಲ್ಲಿ ಹಾಗೆ ನಡೆಯಲ್ಲ. ನಾಲ್ಕು ತಿಂಗಳು, ಅತ್ತೆ. ನಾಲ್ಕು ತಿಂಗಳು ಆ ಮಗುವಿಗೆ ತಪ್ಪು ಹೇಳಿಕೊಟ್ರಿ."

"ಹೇಳಿದ್ದೆನಲ್ಲ. ಲೆಕ್ಕಕ್ಕಿಲ್ಲ ಅಂತ ಮೊದಲ ದಿನಾನೇ ಹೇಳಿದ್ದೆ. ರಂಜನಿಯನ್ನೇ ಕೇಳು."

ರಂಜನಿ ಬಾಗಿಲಿಗೆ ಬಂದು ನಿಂತಿದ್ದಳು. ಕಣ್ಣು ಊದಿತ್ತು. ತಾಯಿ ತಿರುಗಿ ನೋಡಿದಳು; ಆ ನೋಟ ಯಾರ ಮೇಲೆ ಬೀಳುತ್ತದೋ ಅವರು ಉರಿದುಹೋಗುವ ಹಾಗಿತ್ತು. ಹುಡುಗಿ ಅತ್ತಿತ್ತ ನೋಡಿ, ನೆಲ ನೋಡಿ, ಹೇಳಿದಳು: "ಪಾಟಿ ಸೊಲ್ಲವೇ ಇಲ್ಲೆ."

ಹೇಳೇ ಇಲ್ಲ.

ಪುಟ್ಟತಾಯಮ್ಮ ಮಗುವಿನ ಮೇಲಿಂದ ಕಣ್ಣು ತೆಗೆದು ಉಪೇಂದ್ರನ ಕಡೆ ತಿರುಗಿದರು. ಅವನು ಕೇಳಿಸಿಕೊಂಡಿದ್ದ. ನಕ್ಕಿದ್ದ. ಬೆನ್ನಿಗೆ ಬಿದ್ದ ಪೆಟ್ಟಿನ ಮಾತೂ ಆಡಿದ್ದ. ಈ ಮನೆಯಲ್ಲಿ ಆ ನಾಲ್ಕಕ್ಷರ ಏನೆಂದು ಬಲ್ಲವನು ಅವರನ್ನು ಬಿಟ್ಟರೆ ಅವನೊಬ್ಬನೇ. ಉಪೇಂದ್ರ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದ.

"ಹೋಗ್ಲಿ ಬಿಡು ಶ್ರೀ," ಎಂದ. "ವಯಸ್ಸಾಯ್ತು ಅವರಿಗೆ. ಹೇಳಿದೀನಿ ಅಂತ ಅವರಿಗೆ ಅನ್ನಿಸಿರಬಹುದು."

ಪುಟ್ಟತಾಯಮ್ಮ ಸಾರಿಸುವ ಬಟ್ಟೆ ತೆಗೆದುಕೊಂಡರು. ಶ್ರೀವಿದ್ಯಾ ಮುಟ್ಟಿದ್ದ ಅಡುಗೆಮನೆಯನ್ನು ಮತ್ತೆ ಸಾರಿಸಿ, ಬಾವಿಗೆ ಹೋಗಿ ಮತ್ತೆ ಸ್ನಾನ ಮಾಡಿ ಬಂದರು. ಹಯಗ್ರೀವ ಯಾರಿಗೂ ಬೇಡವಾಗಿತ್ತು. ಮರುದಿನ ಕೆಲಸದವಳು ಡಬ್ಬಿ ತುಂಬ ತೆಗೆದುಕೊಂಡು ಹೋದಳು. ಏನು ವಿಶೇಷ ಮಾಮಿ ಎಂದು ಕೇಳಿದಳು.

ಎರಡು ವಾರಕ್ಕೆ ಕಂಪ್ಯೂಟರ್ ಬಂತು. ಅದಕ್ಕೆ ಫೋನಿನ ವೈರು ಬೇಕು, ವೈರು ಎಟಕುವುದು ಹಿತ್ತಲ ಬಾಗಿಲ ಪಕ್ಕದ ಮೂಲೆಗೆ, ಅಂದರೆ ಪುಟ್ಟತಾಯಮ್ಮನವರ ಮಣೆ, ದೇವರ ಪಟ, ಜಪದ ಮಣಿ ಇದ್ದ ಮೂಲೆಗೆ. ಅವನ್ನೆಲ್ಲ ಒಂದು ಬುಟ್ಟಿಯಲ್ಲಿ ಹಾಕಿ ಕಪಾಟಿನ ಮೇಲಿಟ್ಟರು. ಸಂಜೆ ಶ್ರೀವಿದ್ಯಾ ಅವರನ್ನು ಕರೆದು ತೋರಿಸಿದಳು. ಯಾವ ಅಕ್ಷರ ಬೇಕೋ ಒತ್ತಿದರೆ ಅದಿರುವ ಪದಗಳೆಲ್ಲ ಒಂದರ ಕೆಳಗೊಂದು ಇಳಿದು ಬಂದವು. ಮೂರಕ್ಷರದ್ದು ಬೇರೆ, ನಾಲ್ಕಕ್ಷರದ್ದು ಬೇರೆ. ನಿಲ್ಲುವುದೇ ಇಲ್ಲವೇನೋ ಎಂಬ ಹಾಗೆ.

"ನೋಡಿ ಅತ್ತೆ," ಎಂದಳು ಶ್ರೀವಿದ್ಯಾ, ಮಗಳಿಗೆ ತಿಂಡಿ ಕೊಡುವಷ್ಟೇ ಸಹಜವಾಗಿ. "ಇದು ಅನ್ನ ಕೇಳಲ್ಲ. ಮಡಿ ಕೇಳಲ್ಲ. ಏಕಾದಶಿ ಮಾಡಲ್ಲ."

ಕೂತಿದ್ದ ರಂಜನಿ ಕಿಸಕ್ಕನೆ ನಕ್ಕಳು. ನಕ್ಕ ಮೇಲೆ ಪಾಟಿಯ ಮುಖ ನೋಡಿದಳು, ನೋಡಿ ಪರದೆಯ ಕಡೆ ತಿರುಗಿಕೊಂಡಳು.

ಯುಗಾದಿಗೆ ಇನ್ನೂ ಒಂದೂವರೆ ತಿಂಗಳಿತ್ತು. ಆದರೂ ಆ ಶನಿವಾರವೇ ಉಪೇಂದ್ರ ತಮ್ಮನಿಗೆ ಫೋನ್ ಮಾಡಿ, ರಂಜನಿಗೆ ಪರೀಕ್ಷೆ ಹತ್ತಿರ ಬಂತು, ಮನೆಯಲ್ಲಿ ಓದಲು ಜಾಗ ಬೇಕು ಎಂದ. ದಸರೆಗೆ ಮತ್ತೆ ಕರಕೊಂಡು ಹೋಗ್ತೀಯಾ ಎಂದು ಕೃಷ್ಣರಾಜ ಕೇಳಿರಬೇಕು. ಉಪೇಂದ್ರ ಆಮೇಲೆ ನೋಡೋಣ ಎಂದದ್ದು ಪುಟ್ಟತಾಯಮ್ಮನವರಿಗೆ ಕೇಳಿಸಿತು. ಹೊರಡುವ ಬೆಳಿಗ್ಗೆ ಅವರು ಬಾವಿಯಿಂದ ಒಂದು ಬಿಂದಿಗೆ ಸೇದಿ ತುಳಸಿಗೆ ಹಾಕಿದರು. ಹಗ್ಗವನ್ನು ಸುತ್ತಿ ಗೂಟಕ್ಕೆ ನೇತುಹಾಕಿದರು. ಎಗ್ಮೋರಿನಿಂದ ಎಲೆಕ್ಟ್ರಿಕ್ ಟ್ರೈನಿನಲ್ಲಿ ಹೋಗುವಾಗ ಉಪೇಂದ್ರ ಅವರಿಗೆ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟ. ಪಲ್ಲಾವರಂ ಸ್ಟೇಷನ್ ದಾಟಿತು. ಆಮೇಲೆ ಅವನೇ ಬಾಯಿ ಬಿಟ್ಟ: "ಅತ್ತೆ, ಅವತ್ತು ನಾನು ಏನಾದ್ರೂ ಹೇಳಿದ್ರೆ ಮನೇಲಿ ಜಗಳ ಆಗ್ತಿತ್ತು. ನಿಮಗೆ ಗೊತ್ತಲ್ಲ."

"ಗೊತ್ತಪ್ಪ," ಎಂದರು ಅವರು.

ತಾಂಬರಂನಲ್ಲಿ ಏನೂ ಬದಲಾಗಿರಲಿಲ್ಲ. ಮೂರು ಮಹಡಿ ಮೆಟ್ಟಿಲು, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು, ಮಾತಾಡದ ಮಾಧವಿ. ಒಳಗೆ ಬಂದವರನ್ನು ನೋಡಿ ಅವಳು ಗಂಡನನ್ನು ಕೇಳಿದಳು, ಯುಗಾದಿ ಈ ಸಲ ಬೇಗ ಬಂತಾ ಎಂದು. ಪುಟ್ಟತಾಯಮ್ಮ ಮತ್ತೆ ಹಾಲಿಗೂ ಅವಲಕ್ಕಿಗೂ ಇಳಿದರು. ಬಟ್ಟೆ ಒಣಗಿಸುವ ಬಾಲ್ಕನಿಯ ಕೊನೆಯಲ್ಲಿ ಮಣೆ ಹಾಕಿಕೊಂಡರು.

ಮೂರನೇ ವಾರ ಮಧ್ಯಾಹ್ನ ಫೋನ್ ಬಂತು. ಮಾಧವಿ ಎತ್ತಿ, ಏನೂ ಹೇಳದೆ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಹೋದಳು. ರಂಜನಿ. ಪುಟ್ಟತಾಯಮ್ಮ ಎರಡು ಕೈಯಲ್ಲೂ ಹಿಡಿದು, "ಊಟ ಆಯ್ತಾ ಕಂದ?" ಎಂದರು. ಕಂಪ್ಯೂಟರ್ ಕೆಟ್ಟು ಕೂತಿದೆಯಂತೆ, ರಿಪೇರಿಯವನು ಸೋಮವಾರ ಬರುತ್ತಾನಂತೆ, ನಾಳೆ ಶಾಲೆಯಲ್ಲಿ ಆಟವಂತೆ. ಜೆ ಇರುವ ಪದಗಳು ಬೇಕು, ಅಮ್ಮ ಆಫೀಸಿನಿಂದ ಬರುವುದರೊಳಗೆ.

ಪುಟ್ಟತಾಯಮ್ಮ ಹೇಳಿದರು. ಒಂದೊಂದೇ ಪದ, ಬಿಡಿಬಿಡಿಯಾಗಿ, ರಾಗವಿಲ್ಲದೆ, ನಡುವೆ ಏನೂ ತುಂಬಿಸದೆ. ಹುಡುಗಿಗೆ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. "ಅಪ್ಪಡಿ ಇಲ್ಲೆ ಪಾಟಿ," ಎಂದು ರೇಗಿದಳು. "ಹಾಗಲ್ಲ. ಹಾಡಿ ಹೇಳಿ." ಅವಸರದಲ್ಲಿ ಅವಳ ಬಾಯಿಂದ ಕನ್ನಡ ಬಂದಿತ್ತು.

"ಹಾಡು ಮರೆತೋಗಿದೆ ಕಣಮ್ಮ," ಎಂದರು.

ಮರೆತಿರಲಿಲ್ಲ. ಎಪ್ಪತ್ತೊಂದು ವರ್ಷದಲ್ಲಿ ಬಾಯಲ್ಲಿ ಬಂದದ್ದು ಯಾವುದೂ ಅವರಿಗೆ ಮರೆತಿರಲಿಲ್ಲ. ಆ ಕಡೆಯಿಂದ ಲೊಚಗುಟ್ಟಿದ ಸದ್ದು ಬಂತು, ಆಮೇಲೆ ಫೋನ್ ಇಟ್ಟ ಸದ್ದು. ಹೇಗಿದ್ದೀರಿ ಎಂದು ಅವಳು ಕೇಳಬಹುದೆಂದು ಸ್ವಲ್ಪ ಹೊತ್ತು ರಿಸೀವರನ್ನು ಕಿವಿಗೆ ಹಿಡಿದೇ ಇದ್ದರು.

ಮರುದಿನ ಬೆಳಿಗ್ಗೆ ಲಾರಿ ನೀರಲ್ಲೇ ಸ್ನಾನ ಮುಗಿಸಿ ಬಾಲ್ಕನಿಯಲ್ಲಿ ಕೂತು ಸ್ತೋತ್ರ ಹೇಳುತ್ತಿದ್ದರು. ಏಳನೇ ವಯಸ್ಸಿನಲ್ಲಿ ತಂದೆಯಿಂದ ಕಲಿತದ್ದು. ಅಣ್ಣ ತಿರುಮಲೇಶ ತನ್ನ ಮಕ್ಕಳಿಬ್ಬರಿಗೂ ಹೇಳಿಕೊಟ್ಟಿದ್ದೂ ಅದೇ. ಕೃಷ್ಣರಾಜ ಪಕ್ಕದಲ್ಲಿ ಗೋಡೆಯ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಎಂಟೂ ಹತ್ತರ ಟ್ರೈನಿಗೆ ಹೊತ್ತಾಗಿತ್ತು. ಕೆನ್ನೆಯ ಮೇಲೆ ಬ್ಲೇಡು ನಿಲ್ಲಿಸಿ ಕನ್ನಡಿಯಲ್ಲೇ ಅವರನ್ನು ನೋಡಿದ.

"ಅತ್ತೆ, ಮೂರನೇ ಸಾಲಲ್ಲಿ ಒಂದಕ್ಷರ ಬಿಟ್ರಿ."

"ಹೌದು."

"ನಿನ್ನೇನೂ ಬಿಟ್ರಿ. ಯಾಕೆ?"

ಆ ಅಕ್ಷರ ಅವರ ನಾಲಿಗೆಯ ತುದಿಗೆ ಬಂತು. ಅವರು ಅದನ್ನು ಹೇಳಲಿಲ್ಲ. "ಅದಕ್ಕೆ ಅರ್ಥ ಇಲ್ಲ ಕಣಪ್ಪ," ಎಂದರು. "ಸಾಲು ಸಾಲದೇ ಬಂದಾಗ ತುಂಬಿಸೋಕೆ ಅಂತ ಇಟ್ಟಿದ್ದು."

"ಹಾಗಾದ್ರೆ ಬಿಡಿ. ಇದ್ರೇನು, ಹೋದ್ರೇನು," ಎಂದು ಕೃಷ್ಣರಾಜ ಬ್ಲೇಡು ತೊಳೆದು, ಮುಖ ಒರೆಸಿಕೊಂಡು, ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಪುಟ್ಟತಾಯಮ್ಮ ಮತ್ತೆ ಮೊದಲಿಂದ ಶುರುಮಾಡಿದರು. ಮೊದಲನೇ ಸಾಲು ಎಂಟಕ್ಷರ, ಎರಡನೇ ಸಾಲು ಎಂಟಕ್ಷರ. ಮೂರನೆಯದು ಬಂತು. ಏಳಕ್ಕೆ ನಿಲ್ಲಿಸಿದರು. ಎಂಟನೆಯದರ ಜಾಗದಲ್ಲಿ ಅದಕ್ಕೆ ಹಿಡಿಯುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು, ನಾಲ್ಕನೆಯದಕ್ಕೆ ಹೋದರು.